ಡಿಸೆಂಬರ್ ಚಳಿಯಲ್ಲಿ ಇದ್ದಿಲು ಸ್ಮೋಕರ್: ಬಿಸಿ ನಿಲ್ಲುತ್ತಿಲ್ಲ, ಏನು ಮಾಡಬೇಕು?

ತೋಟದಮನೆ (ಸುಂಟಿಕೊಪ್ಪ)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿರುವುದು 200 ಲೀಟರ್ ಡ್ರಮ್ಮಿನಲ್ಲಿ ಮಾಡಿಸಿದ ಇದ್ದಿಲು ಸ್ಮೋಕರ್, ಅಂದರೆ ಮಾಂಸವನ್ನು ಹೊಗೆಯಲ್ಲಿ ನಿಧಾನಕ್ಕೆ ಬೇಯಿಸುವ ಒಲೆ. ಕೆಳಗೆ ಮೂರು ಗಾಳಿಕಿಂಡಿ, ಮುಚ್ಚಳದಲ್ಲಿ ಒಂದು ಹೊಗೆಕಿಂಡಿ, ನಡುವೆ ನೀರಿನ ತಟ್ಟೆ, ಅದರ ಮೇಲೆ ಜಾಲರಿ. ಏಪ್ರಿಲ್, ಮೇ ತಿಂಗಳಲ್ಲಿ ಕೆಂಡ ಒಂದು ಸಲ ಕೂತಿತೆಂದರೆ 115 ಡಿಗ್ರಿಯಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ. ನಮ್ಮ ಕೊಡಗಿನ ಪುತ್ತರಿ ಹಬ್ಬ ಕಳೆದ ಮೇಲೆ ಅದೇ ಡ್ರಮ್, ಅದೇ ಅಂಗಡಿಯ ಇದ್ದಿಲು, ಆದರೆ 90 ದಾಟುವುದೇ ಕಷ್ಟ. ದಾಟಿದರೂ ಒಂದು ಗಾಳಿ ಬೀಸಿತೆಂದರೆ 140ಕ್ಕೆ ಹಾರಿ ಮತ್ತೆ ಬಿದ್ದುಹೋಗುತ್ತದೆ. ಬೆಳಿಗ್ಗೆ ಇಲ್ಲಿ 12 ಡಿಗ್ರಿ ಆಸುಪಾಸು ಚಳಿ, ಮಂಜು ಬೇರೆ.

ಕ್ರಿಸ್‌ಮಸ್ ರಜೆಗೆ ನೆಂಟರು ಬರುತ್ತಿದ್ದಾರೆ. 4 ಕಿಲೋದಷ್ಟು ಹಂದಿಯ ಭುಜದ ಮಾಂಸ ಒಂದೇ ತುಂಡಾಗಿ ಮಾಡಬೇಕೆಂದು ಆಸೆ. ಕುಯ್ಲು ನಡೆಯುತ್ತಿರುವುದರಿಂದ ಕಣದ ತುಂಬ ಕಾಫಿ ಹರಡಿದೆ. ಅದರ ಅಂಚಿನಲ್ಲಿ ಇಡುವುದೋ, ಇಲ್ಲ ಹಿಂದಿನ ಶೆಡ್ಡಿನೊಳಗೆ ಇಟ್ಟು ಬಾಗಿಲು ಅರೆ ಮುಚ್ಚಿದರೆ ಚಳಿ ತಪ್ಪುತ್ತದೆಯೋ ಅಂತ ಮನೆಯಲ್ಲಿ ಚರ್ಚೆ ನಡೆದಿದೆ. ತಿಳಿದವರು ದಯವಿಟ್ಟು ಹೇಳಿ.

ಮಂಜಿನೂರು (ಮಡಿಕೇರಿ)

ಮೊದಲು ಶೆಡ್ಡಿನ ವಿಷಯ. ಬೇಡ, ಯಾವ ಕಾರಣಕ್ಕೂ ಬೇಡ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಕಿಂಡಿ ಕಿರಿದು ಮಾಡಿ ನಿಧಾನ ಉರಿಸುವ ಸ್ಮೋಕರಿನಲ್ಲಿ ಅದು ಇನ್ನೂ ಹೆಚ್ಚು. ಹೊಗೆ ಕಾಣದಿದ್ದರೆ ಅಪಾಯ ಇಲ್ಲ ಎಂದುಕೊಳ್ಳಬೇಡಿ, ಹೊಗೆ ಪೂರ್ತಿ ನಿಂತು ಬರೀ ಕೆಂಡ ಇರುವಾಗಲೂ ಅದು ಬರುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಬಾಗಿಲು ಅರ್ಧ ತೆರೆದ ಶೆಡ್, ಮೂರು ಕಡೆ ಟಾರ್ಪಾಲ್ ಕಟ್ಟಿದ ಸಿಟ್‌ಔಟ್, ಕಾರು ನಿಲ್ಲಿಸುವ ಜಾಗ, ಎಲ್ಲವೂ ಇದೇ ಲೆಕ್ಕ. ಸ್ಮೋಕರ್ ಇರಬೇಕಾದ್ದು ಆಕಾಶದ ಕೆಳಗೆ.

ಇನ್ನು ಬಿಸಿ. ಎಲ್ಲರೂ ಚಳಿಯನ್ನು ಬೈಯುತ್ತಾರೆ, ಆದರೆ ನಮ್ಮ ಕೊಡಗಿನ ಚಳಿಗೆ ಅಷ್ಟು ಶಕ್ತಿ ಇಲ್ಲ. ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಹೊರಗೆ 30, ಒಳಗೆ 115 ಎಂದರೆ ವ್ಯತ್ಯಾಸ 85. ಈಗ ಹೊರಗೆ 12, ವ್ಯತ್ಯಾಸ 103. ತಗಡಿನಿಂದ ಸೋರುವ ಶಾಖ ಹೆಚ್ಚುಕಡಿಮೆ ಈ ವ್ಯತ್ಯಾಸಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಐದರಲ್ಲೊಂದು ಪಾಲು ಜಾಸ್ತಿ. ಕೆಳಗಿನ ಕಿಂಡಿ ಒಂದು ಬೆರಳು ಹೆಚ್ಚು ತೆರೆದರೆ ಅದು ತುಂಬಿಹೋಗುತ್ತದೆ. 90ರಲ್ಲೇ ಸಿಕ್ಕಿಕೊಳ್ಳಲು ಚಳಿಯೊಂದೇ ಕಾರಣ ಆಗಲಾರದು. ನನ್ನ ಪ್ರಕಾರ ನಿಮ್ಮದು ತೇವ ಮತ್ತು ಗಾಳಿಯ ತೊಂದರೆ.

ಇದ್ದಿಲು ಎಲ್ಲಿ ಇಟ್ಟಿದ್ದೀರಿ? ಗೋಣಿಚೀಲದಲ್ಲಿ ಸಿಮೆಂಟ್ ನೆಲದ ಮೇಲೆ ಇದ್ದರೆ ಅದು ನೆಲದ ತೇವವನ್ನೂ ರಾತ್ರಿಯ ಮಂಜನ್ನೂ ಕುಡಿದುಕೊಂಡಿರುತ್ತದೆ. ಇದ್ದಿಲಿನ ಮೈತುಂಬ ಸಣ್ಣ ಸಣ್ಣ ರಂಧ್ರ, ತೇವ ಹೀರುವುದೇ ಅದರ ಗುಣ. ಒಂದು ತುಂಡು ತೆಗೆದು ಇನ್ನೊಂದಕ್ಕೆ ತಟ್ಟಿ ನೋಡಿ. ಒಣಗಿದ್ದರೆ ಠಣ್ ಎನ್ನುತ್ತದೆ, ತೇವ ಹಿಡಿದಿದ್ದರೆ ಮೊದ್ದು ಸದ್ದು, ಕೈಗೆ ಭಾರ. ಅಂಥ ಇದ್ದಿಲು ತನ್ನ ಶಾಖದಿಂದ ಮೊದಲು ತನ್ನ ನೀರನ್ನೇ ಓಡಿಸಬೇಕು. ಆಮೇಲೆ ಉಳಿದದ್ದು ಮಾಂಸಕ್ಕೆ. ಮಧ್ಯಾಹ್ನದ ಬಿಸಿಲಿಗೆ ತಗಡಿನ ಮೇಲೆ ಹರಡಿ ಒಣಗಿಸಿ, ಬಿಸಿಲು ಇಳಿಯುವ ಮೊದಲೇ ಮುಚ್ಚಳವಿರುವ ಡಬ್ಬಕ್ಕೆ ತುಂಬಿ. ಎರಡು ದಿನ ಹೀಗೆ ಮಾಡಿದ ಇದ್ದಿಲಿಗೂ ಚೀಲದಿಂದ ನೇರ ಸುರಿದದ್ದಕ್ಕೂ ಇರುವ ವ್ಯತ್ಯಾಸ ನಿಮಗೇ ಕಾಣುತ್ತದೆ.

ವೆಲ್ಡಿಂಗ್ ಕೆಲಸ (ಗೋಣಿಕೊಪ್ಪಲು)

ಮಂಜಿನೂರು ಅಣ್ಣ ಹೇಳಿದ್ದು ಸರಿ. ನಾನು ಡ್ರಮ್ ಸ್ಮೋಕರ್ ಮಾಡಿಕೊಡುವವನು, ಗಾಳಿಯ ಬಗ್ಗೆ ಹೇಳುತ್ತೇನೆ.

90ರಿಂದ 140, ಮತ್ತೆ 90 ಅಂದರೆ ಗಾಳಿ ಕೆಳಗಿನ ಕಿಂಡಿಗೆ ನೇರ ನುಗ್ಗುತ್ತಿದೆ. ತಿದಿ ಒತ್ತಿದ ಹಾಗೆ ಕೆಂಡ ಒಮ್ಮೆಲೇ ಕೆರಳುತ್ತದೆ. ಗಾಳಿ ನಿಂತ ತಕ್ಷಣ ಕಿಂಡಿಯಲ್ಲಿ ಸೆಳೆತ ಇಲ್ಲ, ಅಷ್ಟರಲ್ಲಿ ಅದೇ ಗಾಳಿ ಡ್ರಮ್ಮಿನ ಮೈಯನ್ನು ತಣ್ಣಗೆ ಮಾಡಿ ಹೋಗಿರುತ್ತದೆ. ಮೂರು ಕಿಂಡಿಯಲ್ಲಿ ಗಾಳಿಗೆ ಎದುರಾದದ್ದನ್ನು ಪೂರ್ತಿ ಮುಚ್ಚಿ, ಮರೆಯಲ್ಲಿರುವುದರಿಂದ ಮಾತ್ರ ಉಸಿರಾಡಿಸಿ. ಒಂದು ಚಿಟಿಕೆ ಬೂದಿ ಗಾಳಿಗೆ ತೂರಿದರೆ ದಿಕ್ಕು ಗೊತ್ತಾಗುತ್ತದೆ. ಗಾಳಿ ಬೆಳಿಗ್ಗೆ ಒಂದು ಕಡೆಯಿಂದ ಬಂದರೆ ಸಂಜೆ ಬೇರೆ ಕಡೆಯಿಂದ ಬರಬಹುದು, ನೋಡುತ್ತಿರಬೇಕು.

ಗಾಳಿ ಬರುವ ಕಡೆ ಜಿಐ ಶೀಟ್ ನಿಲ್ಲಿಸಿ ಮರೆ ಮಾಡಿ. ಡ್ರಮ್ಮಿನಿಂದ ಎರಡು ಮೂರು ಅಡಿ ದೂರ ಇರಲಿ, ಒಂದು ಕಡೆ ಪೂರ್ತಿ ತೆರೆದಿರಲಿ, ಮೇಲೆ ಏನನ್ನೂ ಹೊದಿಸಬೇಡಿ. ಬಿದಿರು ತಟ್ಟಿ, ತೆಂಗಿನ ಗರಿ ಬೇಡ, ಕಿಡಿ ಹಾರುತ್ತದೆ.

ಮುಚ್ಚಳದ ಅಂಚನ್ನೂ ನೋಡಿ. ಬಾಗಿದ ಮುಚ್ಚಳದಿಂದ ಹೊಗೆ ಸೋರುತ್ತಿದ್ದರೆ ಬಿಸಿಯೂ ಅಲ್ಲೇ ಹೋಗುತ್ತಿದೆ ಎಂದರ್ಥ. ಬಾಯ್ಲರ್ ಬಾಗಿಲಿಗೆ ಹಾಕುವ ಫೈಬರ್‌ಗ್ಲಾಸ್ ಹಗ್ಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಸುತ್ತ ಕೂರಿಸಿ. ಇನ್ನೂ ಬೇಕೆಂದರೆ ವೆಲ್ಡಿಂಗ್ ಬ್ಲ್ಯಾಂಕೆಟ್ (ಬೆಂಕಿ ಹತ್ತದ ಬಟ್ಟೆ) ಒಂದನ್ನು ಡ್ರಮ್ಮಿಗೆ ಸುತ್ತಬಹುದು, ಕಿಂಡಿಗಳನ್ನು ಬಿಟ್ಟು. ಕಂಬಳಿ, ಗೋಣಿ, ಟಾರ್ಪಾಲ್ ಸುತ್ತಿದವರನ್ನು ನೋಡಿದ್ದೇನೆ. ದಯವಿಟ್ಟು ಅದು ಬೇಡ, ಹೊತ್ತಿಕೊಳ್ಳುತ್ತದೆ.

ಬೆಟ್ಟದ ತೋಟ (ಸೋಮವಾರಪೇಟೆ)

ಸ್ಮೋಕರಿನ ವಿಷಯ ಬಲ್ಲವರು ಹೇಳಲಿ, ನಾನು ಕಾಫಿಯ ಪರವಾಗಿ ಮಾತಾಡುತ್ತೇನೆ. ಕಣದ ಅಂಚಿನಲ್ಲಿ ಸ್ಮೋಕರ್ ಇಡುವ ಯೋಚನೆಯನ್ನು ಇವತ್ತೇ ಬಿಡಿ.

ಒಣಗುತ್ತಿರುವ ಕಾಫಿ ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ತೊಳೆದ ಕಾಫಿ) ಆದರಂತೂ ಮಧ್ಯೆ ಇರುವುದು ತೆಳ್ಳನೆ ಸಿಪ್ಪೆ ಅಷ್ಟೇ. ಡೀಸೆಲ್ ವಾಸನೆ, ಗೊಬ್ಬರದ ವಾಸನೆ, ಹೊಗೆ, ಯಾವುದು ಹಿಡಿದರೂ ಹುರಿದು ಕುಡಿದು ನೋಡುವವರಿಗೆ ತಿಳಿಯುತ್ತದೆ, ಅದು ದೋಷವೆಂದೇ ಲೆಕ್ಕ. ಹಂದಿ ಕೊಬ್ಬಿನ ಹೊಗೆ ಇಡೀ ದಿನ ಕಣದ ಮೇಲೆ ಹಾದರೆ ವರ್ಷದ ಬೆಳೆಯ ಮೇಲೆ ಕೈಯಾರೆ ಕಲೆ ಹಾಕಿದಂತೆ. ಬೆಳಿಗ್ಗೆ ಮಂಜು ಇರುವಾಗ ಹೊಗೆ ಮೇಲೆ ಏರುವುದೂ ಇಲ್ಲ, ನೆಲಕ್ಕೆ ಒತ್ತಿಕೊಂಡೇ ಹರಿಯುತ್ತದೆ. ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಿದ ಮೇಲೂ ಒಳಗೆ ಸೇರುತ್ತದೆ. ಕಣ, ಗೋದಾಮು ಎರಡರಿಂದಲೂ ದೂರ, ಗಾಳಿ ಆ ಕಡೆಯಿಂದ ನಿಮ್ಮ ಕಡೆಗೆ ಬರುವಂಥ ಜಾಗ ಹುಡುಕಿ.

ತೋಟದಮನೆ (ಸುಂಟಿಕೊಪ್ಪ)

ಎಲ್ಲರಿಗೂ ಧನ್ಯವಾದ. ಶೆಡ್, ಕಣ ಎರಡನ್ನೂ ಬಿಟ್ಟೆವು. ಕೊಟ್ಟಿಗೆ ಹಿಂದೆ ಒಂದು ಬಯಲು ಇದೆ, ಕಣಕ್ಕೆ ವಿರುದ್ಧ ದಿಕ್ಕು. ಇದ್ದಿಲು ತಟ್ಟಿ ನೋಡಿದೆ, ಮೊದ್ದು ಸದ್ದೇ ಬರುತ್ತಿದೆ, ಬಿಸಿಲಿಗೆ ಹಾಕಿದ್ದೇನೆ.

ಇನ್ನೆರಡು ಪ್ರಶ್ನೆ. ನೀರಿನ ತಟ್ಟೆ ಚಳಿಗಾಲದಲ್ಲಿ ಬೇಕೇ ಬೇಡವೇ? ಹೊಗೆಗೆ ಯಾವ ಮರ? ಈ ವರ್ಷ ಕಪಾತಿನಲ್ಲಿ (ಗಿಡ ಸವರುವಾಗ) ಬಂದ ಕಾಫಿ ಕಡ್ಡಿ ರಾಶಿ ಬಿದ್ದಿದೆ, ಮರಗಸಿಯಲ್ಲಿ (ನೆರಳು ಮರ ಸವರುವಾಗ) ಬಂದ ಸಿಲ್ವರ್ ಓಕೂ ಇದೆ.

ದೂರದೂರು (ಕ್ಯಾಲ್ಗರಿ, ಹುಟ್ಟೂರು ಪೊನ್ನಂಪೇಟೆ)

ಕೆನಡಾದ ಈ ಊರಿನಲ್ಲಿ ಮೈನಸ್ 20ರಲ್ಲಿ ಹಿಮದ ನಡುವೆ ಸ್ಮೋಕರ್ ಹಚ್ಚುವವನು ನಾನು, ನೀರಿನ ತಟ್ಟೆಯ ಬಗ್ಗೆ ಖಚಿತವಾಗಿ ಹೇಳಬಲ್ಲೆ. ಇಲ್ಲಿ ಒಳಗೂ ಹೊರಗೂ ವ್ಯತ್ಯಾಸ 135 ಡಿಗ್ರಿ, ಪೋಲು ಮಾಡಲು ಶಾಖವೇ ಇಲ್ಲ. ನೀರು ಕಾದು ಆವಿಯಾಗಲು ತಿನ್ನುವ ಶಾಖ ಸಣ್ಣದಲ್ಲ. 5 ಲೀಟರ್ ತಣ್ಣೀರು ಪೂರ್ತಿ ಆವಿಯಾಗಿ ಹೋಗಬೇಕೆಂದರೆ ಸುಮಾರು ಅರ್ಧ ಕಿಲೋ ಇದ್ದಿಲಿನ ಅಷ್ಟೂ ಶಾಖ ಅದಕ್ಕೇ ಬೇಕು. ಜೊತೆಗೆ ತಟ್ಟೆಯಲ್ಲಿ ನೀರಿರುವಷ್ಟು ಹೊತ್ತು ಅದು 100 ಡಿಗ್ರಿ ದಾಟುವುದಿಲ್ಲ, ಮೇಲಿನ ಜಾಲರಿಯನ್ನೂ ಕೆಳಕ್ಕೆ ಎಳೆಯುತ್ತದೆ. ನಿಮ್ಮದು 90ರಲ್ಲಿ ನಿಲ್ಲಲು ಇದೂ ಒಂದು ಕಾರಣ.

ನಾನು ನೀರಿನ ಬದಲು ಒಣ ಮರಳು ತುಂಬಿ, ಮೇಲೆ ಅಲ್ಯುಮಿನಿಯಂ ಫಾಯಿಲ್ ಮುಚ್ಚುತ್ತೇನೆ. ಮರಳು ಬಿಸಿಯನ್ನು ಹಿಡಿದಿಟ್ಟು ಏರಿಳಿತ ತಡೆಯುತ್ತದೆ, ಆದರೆ ಆವಿಯಾಗಿ ಶಾಖ ಕದಿಯುವುದಿಲ್ಲ.

ಇನ್ನೊಂದು ಮಾತು, ಮುಚ್ಚಳ ತೆಗೆದು ನೋಡುವ ಚಪಲ. ಚಳಿಯಲ್ಲಿ ಒಂದು ಸಲ ತೆಗೆದರೆ ಮತ್ತೆ ಹಿಂದಿನ ಬಿಸಿಗೆ ಬರಲು 15-20 ನಿಮಿಷ. ತಂತಿ ಇರುವ ಥರ್ಮಾಮೀಟರ್ ಎರಡು ತರಿಸಿ, ಒಂದು ಮಾಂಸದೊಳಗೆ, ಒಂದು ಜಾಲರಿಯ ಮಟ್ಟದಲ್ಲಿ. ಮುಚ್ಚಳಕ್ಕೆ ಚುಚ್ಚಿದ ಮೀಟರ್ ಜಾಲರಿಯ ಬಿಸಿಯನ್ನು ಸರಿಯಾಗಿ ಹೇಳುವುದಿಲ್ಲ. ಎಷ್ಟೋ ಸಲ 90 ಅಂತ ತೋರಿಸುವಾಗ ಮಾಂಸದ ಪಕ್ಕ ಬೇರೆಯೇ ಇರುತ್ತದೆ.

ಮಂಜಿನೂರು (ಮಡಿಕೇರಿ)

ಕ್ಯಾಲ್ಗರಿಯವರ ಲೆಕ್ಕ ಒಪ್ಪುತ್ತೇನೆ, ಮರಳಿಗೆ ಮಾತ್ರ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮಲ್ಲಿ ಅಷ್ಟು ಚಳಿ ಇಲ್ಲವಲ್ಲ. ಆರಂಭದ ಎರಡು ಮೂರು ಗಂಟೆ ಒಳಗೆ ಒಂದಿಷ್ಟು ತೇವ ಇದ್ದರೆ ಮಾಂಸದ ಮೇಲ್ಮೈ ಬೇಗ ಒಣಗದೆ ಹೊಗೆ ಚೆನ್ನಾಗಿ ಅಂಟುತ್ತದೆ. ನಾನು ಕುದಿಯುವ ನೀರನ್ನೇ ಹಾಕುತ್ತೇನೆ, ಅದೂ ಒಂದೂವರೆ ಲೀಟರ್ ಅಷ್ಟೇ. ಅದು ಮುಗಿದರೆ ಮತ್ತೆ ತುಂಬುವುದಿಲ್ಲ. ತಣ್ಣೀರು ಮಾತ್ರ ಹಾಕಲೇಬೇಡಿ.

ಹೊಗೆಕಿಂಡಿ ಬಗ್ಗೆ ಯಾರೂ ಹೇಳಲಿಲ್ಲ. ಬಿಸಿ ಉಳಿಸಲು ಮೇಲಿನ ಕಿಂಡಿ ಮುಚ್ಚುವವರು ತುಂಬ ಜನ. ಅದು ಸದಾ ಪೂರ್ತಿ ತೆರೆದಿರಬೇಕು, ಹಿಡಿತವೆಲ್ಲ ಕೆಳಗಿನ ಕಿಂಡಿಯಲ್ಲಿ. ಚಳಿಯಲ್ಲಿ ಮುಚ್ಚಳ ತಣ್ಣಗಿರುತ್ತದೆ. ಹೊರಗೆ ಹೋಗಲು ದಾರಿ ಸಿಗದ ಹೊಗೆ ಅದಕ್ಕೆ ತಾಗಿ ಹನಿಗಟ್ಟುತ್ತದೆ. ಮುಚ್ಚಳ ಎತ್ತಿ ಒಳಮೈ ನೋಡಿ, ಕಂದುಗಪ್ಪು ಹನಿಗಳು ಅಂಚಿಗೆ ಜಾರಿ ತೊಟಕ್ ಎಂದು ಮಾಂಸದ ಮೇಲೆ ಬೀಳುತ್ತಿರುತ್ತವೆ. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟರೆ ಕಹಿ, ನಾಲಿಗೆ ಜುಮ್ ಎನ್ನುತ್ತದೆ. ಅದು ಬಿದ್ದ ಮಾಂಸಕ್ಕೆ ಆಮೇಲೆ ಯಾವ ಮಸಾಲೆಯೂ ಪರಿಹಾರ ಅಲ್ಲ. ಅದಕ್ಕೇ ಮಾಂಸ ಇಡುವ ಮೊದಲು ಖಾಲಿ ಡ್ರಮ್ಮನ್ನು ಮುಕ್ಕಾಲು ಗಂಟೆ, ಒಂದು ಗಂಟೆ ಕಾಯಿಸಿ, ಮುಚ್ಚಳದ ಒಳಮೈ ಪೂರ್ತಿ ಒಣಗುವ ತನಕ. ಬರುವ ಹೊಗೆ ದಟ್ಟ ಬಿಳಿ ಆಗಿರಬಾರದು, ತೆಳ್ಳಗೆ, ನೀಲಿ ಛಾಯೆಯಲ್ಲಿ ಕಂಡೂ ಕಾಣದಂತಿರಬೇಕು. ಚಳಿಯಲ್ಲಿ ಆವಿಯೂ ಬೆಳ್ಳಗೆ ಕಾಣುತ್ತದೆ, ಆದ್ದರಿಂದ ಮೂಗಿಗೆ ಕೆಲಸ ಕೊಡಿ. ಕಣ್ಣು ಮೂಗು ಉರಿದರೆ ಅದು ಕೆಟ್ಟ ಹೊಗೆ.

ಅಡುಗೆಮನೆ ಅಕ್ಕ (ನಾಪೋಕ್ಲು)

ಮರದ ಪ್ರಶ್ನೆಗೆ ನಾನು ಹೇಳುತ್ತೇನೆ ತಮ್ಮಾ. ಕಾಫಿ ಕಟ್ಟಿಗೆ ಒಳ್ಳೆಯದೇ, ಗಟ್ಟಿ ಮರ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಆದರೆ ಈ ವರ್ಷದ ಕಪಾತಿನದ್ದು ಈ ವರ್ಷಕ್ಕಲ್ಲ. ಹಸಿ ಕಡ್ಡಿ ಹಾಕಿದರೆ ಬರುವುದು ಅದೇ ಬಿಳಿ ಹೊಗೆ. ಹೋದ ವರ್ಷ ಕಡಿದು ಮಳೆಗಾಲದಲ್ಲಿ ಮಾಡಿನ ಕೆಳಗೆ ಇದ್ದ ಬುಡದ ತುಂಡು ಇದ್ದರೆ ಅದನ್ನು ಮುಷ್ಟಿ ಗಾತ್ರಕ್ಕೆ ಮಾಡಿಕೊ, ನಾಲ್ಕೈದು ಸಾಕು. ಸೀಬೆ, ಹಲಸು, ಮಾವು, ಒಣಗಿದ ಕಿತ್ತಳೆ ಕೊಂಬೆ ಇವೂ ಆಗುತ್ತವೆ. ಸಿಲ್ವರ್ ಓಕ್ ಸೌದೆಗೆ ಸರಿ, ಮಾಂಸದ ಹೊಗೆಗೆ ನಾನು ಹಾಕುವುದಿಲ್ಲ, ರುಚಿ ಹಿಡಿಸಿಲ್ಲ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಒಲೆಗೇ ಹಾಕಬಾರದು, ಇದಕ್ಕಂತೂ ಕೇಳಲೇ ಬೇಡ. ಅಂಗಳದ ಬೇಲಿಯಲ್ಲಿ ಕಣಗಿಲೆ ಇದ್ದರೆ ಅದರ ಒಂದು ಕಡ್ಡಿಯೂ ಬರದ ಹಾಗೆ ನೋಡಿಕೊ, ಗಿಡದ ಎಲ್ಲ ಭಾಗವೂ ವಿಷ.

ಕಟ್ಟಿಗೆಯನ್ನು ನೀರಲ್ಲಿ ನೆನೆಸು ಎಂದು ಯಾರಾದರೂ ಹೇಳಿದರೆ ಕೇಳಬೇಡ. ನೆನೆದ ಮರ ಮೊದಲು ಆವಿ ಕೊಡುತ್ತದೆ, ಹೊಗೆ ಕೊಡುವುದು ಒಣಗಿದ ಮೇಲೇ.

ಪೇಟೆಯಿಂದ ಬಂದವ (ವಿರಾಜಪೇಟೆ)

ಅಕ್ಕಾ, ಒಂದು ಸಂದೇಹ. ಹಿಂದೆ ಮನೆಗಳಲ್ಲಿ ಒಲೆಯ ಮೇಲೆ ಮಾಂಸ ಕಟ್ಟಿ ಹೊಗೆಯಲ್ಲೇ ಒಣಗಿಸುತ್ತಿದ್ದರಲ್ಲ, ಬೇಯಿಸದೆ. ಈಗ ಹೊರಗೆ ಹೇಗೂ ತಂಪು. ಸ್ಮೋಕರಿನಲ್ಲಿ ನಾಲ್ಕು ಕೆಂಡ ಮಾತ್ರ ಇಟ್ಟು 25-30 ಡಿಗ್ರಿಯಲ್ಲಿ ಎರಡು ದಿನ ಹೊಗೆ ಕೊಟ್ಟರೆ ಅದೇ ರುಚಿ ಬರುವುದಿಲ್ಲವೇ?

ಅಡುಗೆಮನೆ ಅಕ್ಕ (ನಾಪೋಕ್ಲು)

ಬೇಡ ಮಗಾ. ಅಜ್ಜಿ ಮಾಡುತ್ತಿದ್ದದ್ದು ಬೇರೆ ಕೆಲಸ. ಮಾಂಸವನ್ನು ಬೆರಳು ದಪ್ಪದ ಪಟ್ಟಿ ಮಾಡಿ, ಉಪ್ಪು ಅರಿಶಿನ ಚೆನ್ನಾಗಿ ತಿಕ್ಕಿ, ತಂತಿಗೆ ಪೋಣಿಸಿ ಒಲೆಯ ಮೇಲೆ ಕಟ್ಟುತ್ತಿದ್ದರು. ದಿನಕ್ಕೆ ಮೂರು ಹೊತ್ತು ಒಲೆ ಉರಿಯುತ್ತಿತ್ತು, ಮೇಲಿನ ಗಾಳಿ ಬಿಸಿಯಾಗಿ ಒಣಗಿರುತ್ತಿತ್ತು. ಪಟ್ಟಿ ಕಟ್ಟಿಗೆ ಹಾಗೆ ಗಟ್ಟಿಯಾಗುವ ತನಕ ಅಲ್ಲೇ. ತಿನ್ನುವಾಗ ನೆನೆಸಿ, ಬೇಯಿಸಿ, ಹುರಿದೇ ತಿನ್ನುತ್ತಿದ್ದದ್ದು. ಕೊಬ್ಬಿರುವ ದೊಡ್ಡ ತುಂಡನ್ನು ಥಂಡಿ ಡ್ರಮ್ಮಿನೊಳಗೆ ಉಗುರುಬೆಚ್ಚಗೆ ಎರಡು ದಿನ ಇಟ್ಟರೆ ಹೊರಗೆ ಹೊಗೆ ಬಣ್ಣ, ಒಳಗೆ ಹಳಸಲು.

ಮಂಜಿನೂರು (ಮಡಿಕೇರಿ)

ಅಕ್ಕ ಹೇಳಿದ್ದನ್ನು ಅಂಕಿಯಲ್ಲಿ ಹೇಳುವುದಾದರೆ, 4ರಿಂದ 60 ಡಿಗ್ರಿ ನಡುವೆ ರೋಗಾಣು ಬೆಳೆಯುತ್ತದೆ. ಗಾಳಿಯಾಡದ ಕಡೆ ಬೆಳೆಯುವ ರೋಗಾಣುವಿನ ವಿಷದಿಂದ ಬರುವ ಬೊಟುಲಿಸಂ ಎಂಬುದು ಪ್ರಾಣ ತೆಗೆಯುವಂಥದ್ದು. ಹಂದಿಯಲ್ಲಿ ಲಾಡಿಹುಳದ ಭಯವೂ ಇದೆ. ಅಳತೆಯಿಟ್ಟು ಉಪ್ಪು ಹಾಕಿ ಸಂಸ್ಕರಿಸುವುದನ್ನು ಕಲಿಯದೆ ತಣ್ಣನೆ ಹೊಗೆಯ ದಾರಿ ಹಿಡಿಯಬೇಡಿ.

ಕಾವೇರಿ ದಂಡೆ (ಸಿದ್ದಾಪುರ)

ರಾತ್ರಿಯಿಡೀ ಮಾಡುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. ನಮ್ಮ ಕಡೆ ಕುಯ್ಲಿನ ಕಾಲದಲ್ಲಿ ಆನೆ ತೋಟದೊಳಗೇ ಇರುತ್ತದೆ. ಕತ್ತಲಲ್ಲಿ ಮನೆಯಿಂದ ದೂರ ಕೆಂಡದ ಪಕ್ಕ ಒಬ್ಬರೇ ಕೂರುವ ಕೆಲಸ ಅಲ್ಲ. ಬೆಳಗಿನಿಂದ ಸಂಜೆಯೊಳಗೆ ಮುಗಿಯುವ ಹಾಗೆ ಮಾಡಿಕೊಳ್ಳಿ. ಕೊಟ್ಟಿಗೆ ಹಿಂದೆ ಅಂದಿರಲ್ಲ, ಗದ್ದೆ ಕೊಯ್ದ ಹುಲ್ಲಿನ ಬಣವೆ ಅಲ್ಲೇ ಇಲ್ಲ ತಾನೇ?

ತೋಟದಮನೆ (ಸುಂಟಿಕೊಪ್ಪ)

ಬಣವೆ ಇದೆ, ಆದರೆ ಬಯಲಿನ ಆ ತುದಿಯಲ್ಲಿ. ಸ್ಮೋಕರನ್ನು ಈ ಕಡೆ ಬಾವಿಯ ಹತ್ತಿರ ಇಡುತ್ತೇವೆ, ನೆಲದ ತರಗೆಲೆ ಗುಡಿಸಿ ಪಕ್ಕದಲ್ಲಿ ಎರಡು ಬಿಂದಿಗೆ ನೀರು ಇರುತ್ತದೆ. ಮಂಜಿನೂರು ಅಣ್ಣ, ಬೆಳಿಗ್ಗೆ ಶುರು ಮಾಡಿದರೆ 4 ಕಿಲೋ ಸಂಜೆಗೆ ಆಗುತ್ತದೆಯೇ?

ಮಂಜಿನೂರು (ಮಡಿಕೇರಿ)

ಒಂದೇ ತುಂಡು ಎಂಬ ಹಟ ಬಿಟ್ಟರೆ ಆಗುತ್ತದೆ. ಎರಡು ಕಿಲೋದ ಎರಡು ತುಂಡು ಮಾಡಿ. ಹೊಗೆ ತಾಗುವ ಮೈ ಹೆಚ್ಚಾಗುತ್ತದೆ, ಹೊತ್ತು ಎಷ್ಟೋ ಉಳಿಯುತ್ತದೆ. ಹಿಂದಿನ ರಾತ್ರಿಯೇ ಉಪ್ಪು, ತೋಟದ ಕಾಳುಮೆಣಸು, ಹುರಿದು ಪುಡಿ ಮಾಡಿದ ಕೊತ್ತಂಬರಿ ಜೀರಿಗೆ ತಿಕ್ಕಿ ಫ್ರಿಜ್ಜಿನಲ್ಲಿಡಿ.

ಬೆಳಿಗ್ಗೆ 6 ಗಂಟೆಗೆ ಬೆಂಕಿ. ನಾಲ್ಕೈದು ಕಿಲೋ ಹೊತ್ತಿಸದ ಒಣ ಇದ್ದಿಲನ್ನು ಡ್ರಮ್ಮಿನೊಳಗಿನ ಕಬ್ಬಿಣದ ಬುಟ್ಟಿಗೆ ತುಂಬಿ ನಡುವೆ ಗುಂಡಿ ಮಾಡಿ. ಬೇರೆ ಕಡೆ ಚೆನ್ನಾಗಿ ಹೊತ್ತಿಸಿಕೊಂಡ ಹದಿನೈದು ಇಪ್ಪತ್ತು ಕೆಂಡಗಳನ್ನು ಆ ಗುಂಡಿಗೆ ಹಾಕಿ. ಸೀಮೆಎಣ್ಣೆ ತಾಗಿಸಬೇಡಿ. ಕೆಂಡ ನಡುವಿನಿಂದ ಅಂಚಿಗೆ ನಿಧಾನಕ್ಕೆ ಹರಡುತ್ತ ಹೋಗುತ್ತದೆ, ಮಧ್ಯೆ ಇದ್ದಿಲು ಹಾಕುವ ಪ್ರಮೇಯ ಬರುವುದಿಲ್ಲ. ಒಂದು ವೇಳೆ ಬಂದರೆ ಹೊರಗೆ ಪೂರ್ತಿ ಕೆಂಡ ಮಾಡಿಕೊಂಡೇ ಹಾಕಿ, ತಣ್ಣನೆಯದನ್ನು ಸುರಿಯಬೇಡಿ. 7ಕ್ಕೆ ಮಾಂಸ ಒಳಗೆ, ಫ್ರಿಜ್ಜಿನಿಂದ ನೇರವಾಗಿಯೇ. ತಣ್ಣನೆ ಮಾಂಸ ಹೊಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ಬಿಸಿ 110ರಿಂದ 120ರ ನಡುವೆ ಇದ್ದರೆ ಸಾಕು, ಐದು ಡಿಗ್ರಿ ಹೆಚ್ಚು ಕಡಿಮೆಗೆ ಕಿಂಡಿ ಮುಟ್ಟಲು ಓಡಬೇಡಿ.

ಒಳಗಿನ ಬಿಸಿ 65-70ಕ್ಕೆ ಬಂದು ಅಲ್ಲೇ ಗಂಟೆಗಟ್ಟಲೆ ನಿಂತುಬಿಡುತ್ತದೆ. ಗಾಬರಿ ಬೇಡ. ಮಾಂಸದ ಮೈಯಿಂದ ನೀರು ಆವಿಯಾಗಿ ಅದನ್ನು ತಂಪು ಮಾಡುತ್ತಿರುತ್ತದೆ, ಬೆವರು ನಮಗೆ ಮಾಡುವ ಕೆಲಸವೇ. ನಮಗೆ ಹೊತ್ತಿಲ್ಲ, ಆದ್ದರಿಂದ ಆ ಹಂತದಲ್ಲಿ ಸುತ್ತಿಬಿಡುವುದು ಒಳ್ಳೆಯದು. ಬಾಳೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಎರಡು ಪದರ ಸುತ್ತಿ, ಅದರ ಮೇಲೆ ಫಾಯಿಲ್. ಸುತ್ತುವ ಮುಂಚೆ ಒಂದೆರಡು ಚಮಚ ಕಾಚಂಪುಳಿಯನ್ನು (ನಮ್ಮ ಕೊಡಗಿನ ಕಪ್ಪು ಹುಳಿ) ಅಷ್ಟೇ ನೀರಿನಲ್ಲಿ ತೆಳ್ಳಗೆ ಮಾಡಿ ಹಚ್ಚಿ. ಬೆಳಿಗ್ಗೆಯೇ ಹಚ್ಚಿದರೆ ಸೀದು ಕಹಿಯಾಗುತ್ತದೆ, ಈ ಹೊತ್ತಿಗೆ ಹಚ್ಚಿದರೆ ಕೊಬ್ಬಿನೊಳಗೆ ಇಳಿದು ಬೇರೆಯೇ ಮಟ್ಟಕ್ಕೆ ಹೋಗುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಕಾಚಂಪುಳಿಯನ್ನು ಹೊರಗಿನ ಯಾವ ಸಾಸಿಗೂ ನಾನು ಬಿಟ್ಟುಕೊಡುವುದಿಲ್ಲ.

63 ಡಿಗ್ರಿಗೆ ಬಂದು ಮೂರು ನಿಮಿಷ ನಿಂತರೆ ಹಂದಿ ತಿನ್ನಲು ಅಪಾಯವಿಲ್ಲ, ಆದರೆ ಭುಜದ ಮಾಂಸ ಆಗ ರಬ್ಬರಿನಂತಿರುತ್ತದೆ. ಎಳೆಎಳೆಯಾಗಿ ಬಿಡಿಸಬೇಕಾದರೆ 93ರ ತನಕ ಹೋಗಬೇಕು. ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಮೂರು, ನಾಲ್ಕು ಗಂಟೆಗೆ ಮುಗಿದರೆ ಬಿಚ್ಚದೆ, ಹಳೆ ಟವೆಲಿನಲ್ಲಿ ಸುತ್ತಿ ಖಾಲಿ ಐಸ್ ಬಾಕ್ಸಿನಲ್ಲಿಟ್ಟು ಮುಚ್ಚಿ. ರಾತ್ರಿ ಊಟದ ತನಕ ಬಿಸಿ ಇರುತ್ತದೆ, 60ಕ್ಕಿಂತ ಇಳಿಯದಂತೆ ಥರ್ಮಾಮೀಟರ್ ಚುಚ್ಚಿಟ್ಟು ನೋಡುತ್ತಿರಿ. ಅಕ್ಕಿ ರೊಟ್ಟಿಯೋ ಕಡಂಬುಟ್ಟೋ (ಅಕ್ಕಿ ತರಿಯ ಉಂಡೆ) ಮಾಡಿಸುವುದು ನಿಮಗೆ ಬಿಟ್ಟದ್ದು.

ಪೇಟೆಯಿಂದ ಬಂದವ (ವಿರಾಜಪೇಟೆ)

ತಣ್ಣನೆ ಹೊಗೆ ಕೈಬಿಟ್ಟೆ. ಕೋಳಿಗೂ ಇದೇ ಬಿಸಿಯೇ?

ದೂರದೂರು (ಕ್ಯಾಲ್ಗರಿ, ಹುಟ್ಟೂರು ಪೊನ್ನಂಪೇಟೆ)

ಕೋಳಿಗೆ 140-150 ಇರಲಿ, ಇಲ್ಲದಿದ್ದರೆ ಚರ್ಮ ಜಿಗುಟಾಗುತ್ತದೆ. ನೀರು ಬೇಡವೇ ಬೇಡ. ಒಳಗೆ ಎಲ್ಲ ಕಡೆ 74 ದಾಟಲೇಬೇಕು, ತೊಡೆಯ ಮೂಳೆಯ ಹತ್ತಿರ ಚುಚ್ಚಿ ನೋಡಿ, ಆದರೆ ಥರ್ಮಾಮೀಟರಿನ ಮುಳ್ಳು ಮೂಳೆಗೆ ತಾಗದಿರಲಿ.

ತೋಟದಮನೆ (ಸುಂಟಿಕೊಪ್ಪ)

ಕೊನೆಯದಾಗಿ ಒಂದು. ಮುಗಿದ ಮೇಲೆ ಉಳಿದ ಕೆಂಡ, ಬೂದಿ ಏನು ಮಾಡುವುದು? ಬೂದಿಯನ್ನು ಕಾಫಿ ಬುಡಕ್ಕೆ ಹಾಕಬಹುದೇ?

ಬೆಟ್ಟದ ತೋಟ (ಸೋಮವಾರಪೇಟೆ)

ಎಲ್ಲ ಕಿಂಡಿ, ಮುಚ್ಚಳ ಬಿಗಿಯಾಗಿ ಮುಚ್ಚಿದರೆ ಕೆಂಡ ಗಾಳಿಯಿಲ್ಲದೆ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಆಗುತ್ತದೆ. ಡ್ರಮ್ಮನ್ನು ಮಾತ್ರ ಬೆಚ್ಚಗಿದೆ ಎಂದು ಒಳಗೆ ತರಬೇಡಿ. ಬೂದಿಯೊಳಗೆ ಕಿಡಿ ಮರುದಿನವೂ ಜೀವಂತ ಇರುತ್ತದೆ. ಜನವರಿಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ತನಕ ತೋಟದಲ್ಲಿ ತರಗೆಲೆ ಗರಿಗರಿ ಒಣಗಿರುತ್ತದೆ, ಒಂದು ಕಿಡಿ ಸಾಕು. ತಗಡಿನ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿ ಎರಡು ದಿನ ಕಲ್ಲಿನ ಮೇಲಿಡಿ. ಆಮೇಲೆ ಶುದ್ಧ ಬೂದಿಯನ್ನು ತೆಳ್ಳಗೆ ಎರಚಬಹುದು. ನಮ್ಮ ಮಣ್ಣು ಹುಳಿ, ಬೂದಿಯಲ್ಲಿ ಪೊಟ್ಯಾಷ್ ಇದೆ, ಒಳ್ಳೆಯದೇ. ಯೂರಿಯಾ ಹಾಕುವ ಹೊತ್ತಿಗೆ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಕೊಬ್ಬು ತೊಟ್ಟಿಕ್ಕಿದ ಬೂದಿಯನ್ನು ಮಾತ್ರ ಗಿಡದ ಬುಡಕ್ಕೆ ಬೇಡ. ನಾಯಿ, ಕಾಡುಹಂದಿ ಬಂದು ಬೇರು ಸಮೇತ ಕೆದರುತ್ತವೆ, ಗುಂಡಿ ತೋಡಿ ಹೂತುಬಿಡಿ.